ಹೊರೇಸನ ಮೇಜಿನ ಮೇಲಿನ ವಾಟರ್ಲೂ

ಹೊರೇಸ್ ವ್ಯಾಗ್‌ಸ್ಟಾಫ್ ನನ್ನ ಪಕ್ಕದ ಮನೆಯವನು. ನಾಟಿಂಗ್‌ಹ್ಯಾಮ್ ಕಡೆಯ ನಮ್ಮ ಕಲ್ಲಿದ್ದಲು ಗಣಿಯಲ್ಲಿ ಹದಿನೆಂಟು ವರ್ಷ ನಾವಿಬ್ಬರೂ ಜೊತೆಗೇ ಕೆಳಗಿಳಿದವರು. ಗುದ್ದಲಿ ಹಿಡಿಯುವ ಅದೇ ಕೈಯಿಂದ ಅವನು ಹೆಬ್ಬೆರಳುದ್ದವೂ ಇಲ್ಲದ ಸೀಸದ ಸಿಪಾಯಿಗಳಿಗೆ ಮೀಸೆ ಬರೆಯುತ್ತಿದ್ದ. ಭಾನುವಾರವೆಂದರೆ ಅವನಿಗೂ ಅವನ ತಮ್ಮ ನೆವಿಲ್‌ಗೂ ನೆಪೋಲಿಯನ್ನನ ಯುದ್ಧ. ಮುಂದಿನ ಕೋಣೆಯ ಮೇಜಿಗೆ ಹಸಿರು ಬಟ್ಟೆ ಹಾಸಿ, ಅಣ್ಣ ಇಂಗ್ಲಿಷರನ್ನು ನಡೆಸಿದರೆ ತಮ್ಮ ಫ್ರೆಂಚರನ್ನು ನಡೆಸುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ನಾಲ್ಕರಲ್ಲಿ ಗಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ನಾವು ಹೊರಗೆ ನಿಂತೆವು, ಅದೇ ಗಣಿಯಲ್ಲಿದ್ದ ನೆವಿಲ್ ಮುಷ್ಕರ ಮುರಿದು ಕೆಲಸಕ್ಕೆ ಹೋದ. ಗಣಿಯ ಗೇಟಿನ ಮುಂದೆ ದಿನವೂ ಹೊಡೆದಾಟ. ಯಾರೋ ಎಸೆದ ಇಟ್ಟಿಗೆ ಹೊರೇಸನ ಹುಬ್ಬು ಸೀಳಿತು. ಅವನು ಎದುರಿದ್ದವನ ಎರಡು ಹಲ್ಲು ಉದುರಿಸಿದ.

ಅಂದಿನಿಂದ ಹೊರೇಸ್ ಒಬ್ಬನೇ ಆಡತೊಡಗಿದ. ಫ್ರೆಂಚರ ಪಾಲಿಗೆ ದಾಳ ಎಸೆಯುತ್ತಿದ್ದ: ಒಂದು ಎರಡು ಬಿದ್ದರೆ ಹಿಂದೆ ಸರಿಯಬೇಕು, ಮೂರು ನಾಲ್ಕಕ್ಕೆ ನಿಂತಲ್ಲೇ ನಿಲ್ಲಬೇಕು, ಐದು ಆರಕ್ಕೆ ನುಗ್ಗಬೇಕು. ದಾಳಕ್ಕೆ ಮೋಸ ಮಾಡಿದವನಲ್ಲ. ಆದರೆ ಫ್ರೆಂಚನೊಬ್ಬ ಸತ್ತರೆ ಮೇಜಿನಿಂದ ಮೆಲ್ಲಗೆ ಎತ್ತುತ್ತಿರಲಿಲ್ಲ, ಬೆರಳಿನಿಂದ ಚಿಮ್ಮಿ ನೆಲಕ್ಕೆ ಕೆಡವುತ್ತಿದ್ದ.

ನವೆಂಬರಿನ ಒಂದು ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ಮೇಜಿನ ಮೇಲೆ ವಾಟರ್ಲೂ. ಐದು, ಆರು, ಮತ್ತೆ ಆರು. ಫ್ರೆಂಚ್ ಕುದುರೆಪಡೆ ಚೌಕ ಕಟ್ಟಿ ನಿಂತ ಇಂಗ್ಲಿಷ್ ಕಾಲಾಳುಗಳ ಮೇಲೆ ಬಿದ್ದು ಬಿದ್ದು ಸಾಯುತ್ತಿತ್ತು. ಹೊರೇಸ್ ಹಲ್ಲು ಕಚ್ಚಿಕೊಂಡು ಗುಂಡು, ಗಾಯ, ಹೆಣ ಎಣಿಸುತ್ತಿದ್ದ.

ಬಾಗಿಲು ತಟ್ಟಿದ ಸದ್ದಾಯಿತು. ಹೊರೇಸನ ಹೆಂಡತಿ ಎಡ್ನಾ ತೆರೆದಳು. ಕಾಗದದಲ್ಲಿ ಸುತ್ತಿದ ಕುರಿತೊಡೆ ಹಿಡಿದು ನೆವಿಲ್ ನಿಂತಿದ್ದ.

"ಅತ್ತಿಗೆ, ತಗೊಳ್ಳಿ. ಮಕ್ಕಳು ಮಾಂಸ ತಿಂದು ಎಷ್ಟು ದಿನ ಆಯ್ತೋ ಏನೋ."

"ಅದನ್ನ ಒಳಗೆ ತರಬೇಡ," ಎಂದ ಹೊರೇಸ್, ತಲೆ ಎತ್ತದೆ. "ದ್ರೋಹದ ಸಂಬಳದ ಮಾಂಸ ನನ್ನ ಮನೇಲಿ ಬೇಯಲ್ಲ."

ನೆವಿಲ್ ಆದರೂ ಒಳಗೆ ಬಂದ. ಅವನ ಕಣ್ಣು ಮೇಜಿನ ಮೇಲೆ ಹೋಯಿತು. "ಕಾಲಾಳು ಇಲ್ದೆ ಬರೀ ಕುದುರೆ ನುಗ್ಗಿಸ್ತಾರೇನೋ? ನನ್ನವರನ್ನ ಬೇಕಂತಲೇ ಸಾಯಿಸ್ತಿದೀಯ."

"ನಿನ್ನವರು ಅಂತ ಯಾರಿದಾರೋ ನಿಂಗೆ, ಹೆಂಬೇಡಿ?"

"ನನ್ನ ಮಕ್ಕಳಿದಾರೆ. ನಿನ್ನವರ ಥರ ಹಸ್ಕೊಂಡಿಲ್ಲ!"

ಹೊರೇಸನ ಮುಷ್ಟಿ ನೆವಿಲ್‌ನ ದವಡೆಗೆ ಬಿತ್ತು. ನೆವಿಲ್ ಅವನ ಪಕ್ಕೆಗೆ ಒದ್ದ. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ನಾನು ನಡುವೆ ಹೋಗಿ ಮೊಣಕೈ ಏಟಿಗೆ ಮೂಗೊಡೆದುಕೊಂಡೆ. ಹೊರೇಸ್ ತಮ್ಮನ ಕತ್ತು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಕುದುರೆ ಸವಾರರ ಭರ್ಜಿಗಳು ಸೀಸದವಲ್ಲ, ಗಟ್ಟಿ ಉಕ್ಕಿನ ತಂತಿಯವು. ನೆವಿಲ್ ಕಿರುಚಿದ. ಅವನು ಮುಖ ಎತ್ತಿದಾಗ ಬಲಗಣ್ಣಿನಲ್ಲಿ ಒಬ್ಬ ಸವಾರ ನೇತಾಡುತ್ತಿದ್ದ. ಹಸಿರು ಬಟ್ಟೆ ರಕ್ತದಲ್ಲಿ ತೊಯ್ದಿತ್ತು.

"ಅಯ್ಯೋ ನೆವ್, ಮುಟ್ಬೇಡ, ಕೈ ಹಚ್ಚಬೇಡ," ಎನ್ನುತ್ತಾ ಹೊರೇಸ್ ಮುರಿದ ಪಕ್ಕೆಯಲ್ಲೇ ಅವನನ್ನು ಎತ್ತಿಕೊಂಡು ನನ್ನ ವ್ಯಾನಿಗೆ ಓಡಿದ.

ಕಣ್ಣು ಉಳಿಯಲಿಲ್ಲ. ವಿಚಾರಿಸಲು ಬಂದ ಪೊಲೀಸನಿಗೆ ನೆವಿಲ್, "ಎಡವಿ ಬಿದ್ದೆ," ಎಂದ. ಹೊರೇಸ್ ತಾನಾಗಿ ಠಾಣೆಗೆ ಹೋಗಿ, "ನಾನೇ ಹೊಡೆದೆ," ಎಂದ. ನೆವಿಲ್ ತನ್ನ ಮಾತು ಬದಲಿಸಲಿಲ್ಲ. ಕೇಸು ಅಲ್ಲಿಗೇ ನಿಂತಿತು.

ಮಾರ್ಚಿನಲ್ಲಿ ಮುಷ್ಕರ ಸೋತಿತು. ನಾವು ತಲೆ ತಗ್ಗಿಸಿ ಕೆಲಸಕ್ಕೆ ಮರಳಿದ ವಾರವೇ ಹೊರೇಸ್ ತಮ್ಮನ ಮನೆಗೆ ಹೊರಟ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದ.

ಬಾಗಿಲು ತೆರೆದ ನೆವಿಲ್ ಉಳಿದ ಒಂದು ಕಣ್ಣಿನಿಂದ ಅಣ್ಣನನ್ನು ನೋಡಿದ.

"ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣೋ," ಎಂದ ಹೊರೇಸ್.

"ಹಾಗಾದ್ರೆ ಏನೂ ಹೇಳ್ಬೇಡ. ಒಳಗೆ ಬಾ, ಟೀ ಕುಡಿ. ನಿನ್ನ ಕ್ಷಮಿಸಿದೀನಿ ಅಂತ ಮಾತ್ರ ಅಂದ್ಕೋಬೇಡ."

ಹೊರೇಸ್ ಒಳಗೆ ಹೋದ.