ಗಾಣದ ಎಂಜಿನ್ನಿನ ತಲೆ ಕೊಯ್ದದ್ದು

ಕೊಣ್ಣೂರಿನಲ್ಲಿರುವ ನನ್ನ ಅಕ್ಕ ಒಮ್ಮೆ ಕೊಟ್ಟ ಮಾತನ್ನು ಹಿಂತೆಗೆದುಕೊಂಡದ್ದಕ್ಕೆ ನನ್ನ ಬಳಿ ಒಂದೂ ಆಧಾರವಿಲ್ಲ. ಆದ್ದರಿಂದಲೇ ಸುಗ್ಗಿಗೆ ಮುಂಚೆ ಆಕೆ ಫೋನಿನಲ್ಲಿ ಹೇಳಿದ್ದು ಗೋಕಾಕದ ನನ್ನ ಮನೆಯ ನೆಮ್ಮದಿಯನ್ನು ಕದಡಿತು.

“ಈ ಸಲ ಎಂಜಿನ್ ಕುದೀತಂದ್ರ ಗಾಣ ಬಂದ್, ತಮ್ಮಾ. ಹುಡುಗೂರ ಮುಂದ ಮಾತು ಕೊಟ್ಟಬಿಟ್ಟೇನಿ.”

ಅಕ್ಕನದು ಕಬ್ಬಿನ ಗಾಣ. ತಗಡಿನ ಮಾಡು, ಕಬ್ಬು ಅರೆಯುವ ಉರುಳೆಗಳು, ಬೆಲ್ಲ ಕಾಯಿಸುವ ಕೊಪ್ಪರಿಗೆ, ಮತ್ತು ಇವೆಲ್ಲಕ್ಕೂ ಯಜಮಾನನಂತೆ ಮೂಲೆಯ ಸಿಮೆಂಟು ಕಟ್ಟೆಯ ಮೇಲೆ ಕುಳಿತ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ಪಕ್ಕದಲ್ಲಿ ನೀರು ತುಂಬಿದ ಒಂದು ಬ್ಯಾರಲ್ಲು. ಬ್ಯಾರಲ್ಲಿನ ತಣ್ಣೀರು ಕೆಳಗಿನ ಕೊಳವೆಯಿಂದ ಎಂಜಿನ್ನಿನೊಳಗೆ ಹೋಗಿ, ಕಾದು, ಮೇಲೇರಿ, ಹೆಡ್ಡಿನ ಮೂಲಕ ಹಾಯ್ದು ರಬ್ಬರಿನ ಕೊಳವೆಯಲ್ಲಿ ಮತ್ತೆ ಬ್ಯಾರಲ್ಲಿಗೆ ಬೀಳಬೇಕು. ಹೆಡ್ಡು ಎಂದರೆ ಸಿಲಿಂಡರಿನ ಮೇಲೆ ಬೋಲ್ಟು ಬಿಗಿದು ಕೂರಿಸಿದ ಬೀಡುಕಬ್ಬಿಣದ ತಲೆ. ಕೆಲವು ವರ್ಷಗಳಿಂದ ನೀರು ಈ ತಲೆಯೊಳಗೇ ಎಲ್ಲೋ ತಡೆದು, ಮಧ್ಯಾಹ್ನದ ಹೊತ್ತಿಗೆ ಕುದಿದು, ಉಗಿಯುಗುಳಿ, ಗಾಣವನ್ನು ನಿಲ್ಲಿಸುತ್ತಿತ್ತು. ಅರೆದ ಕಬ್ಬಿನ ಹಾಲು ಕಾಯಿಸುವ ಮೊದಲೇ ಹುಳಿಯಾಗುತ್ತಿತ್ತು. ಅಕ್ಕನ ಗಂಡುಮಕ್ಕಳಿಬ್ಬರಿಗೂ ಕಬ್ಬನ್ನು ಸಕ್ಕರೆ ಕಾರ್ಖಾನೆಗೆ ಸಾಗಿಸಿ ಕೈ ತೊಳೆದುಕೊಳ್ಳುವ ಆಸೆ. ಅಕ್ಕನಿಗೆ, ಉರಿಯುವ ಒಲೆಯ ಮುಂದೆ ನಿಂತು ಪಾಕದ ಹದ ನೋಡುವುದೇ ಬದುಕು.

ವಿದ್ಯುತ್ ಮೋಟಾರು ಕೂರಿಸಬಾರದೇ ಎಂದು ಓದುಗರು ಕೇಳಬಹುದು. ನಾನೂ ಕೇಳಿದ್ದೆ. “ಕರೆಂಟ್ ಬರೂತನಕಾ ಕಬ್ಬಿನ ಹಾಲಿಗಿ ನಿಂದ್ರು ಅಂತ ನೀನ ಬಂದು ಹೇಳ ಹಂಗಾರ,” ಎಂದಿದ್ದಳು. ಹೊಸ ಹೆಡ್ಡು? ಆ ಅಚ್ಚಿನದನ್ನು ಈಗ ಯಾರೂ ಎರಕ ಹೊಯ್ಯುವುದಿಲ್ಲ.

ಆದರೆ ಅದೇ ಅಚ್ಚಿನ ಇನ್ನೊಂದು ಹೆಡ್ಡು ಆಕೆಯ ಬಳಿಯೇ ಇತ್ತು. ಮೊದಲು ಗಾಣದಲ್ಲಿದ್ದ ಎಂಜಿನ್ನುಗಳು ಎರಡು, ಜೋಡಿ ಎತ್ತಿನ ಹಾಗೆ. ಹಿರಿಯದು ಕಾದು ಕಾದು ತಲೆ ಬಿರಿದು ಸತ್ತಿತು. ಅದರ ಉಳಿದ ಅಂಗಾಂಗಗಳು ಒಂದೊಂದಾಗಿ ಕಿರಿಯದಕ್ಕೆ ಸಂದವು. ಬಿರಿದ ಹೆಡ್ಡು ಮಾತ್ರ ಗಾಣದ ಬಾಗಿಲಿಗೆ ಒತ್ತಾಗಿ ಉಳಿದಿತ್ತು. ಬದುಕಿರುವ ತಲೆಯನ್ನು ಕೊಯ್ಯುವಂತಿಲ್ಲ. ಸತ್ತದ್ದನ್ನು ಕೊಯ್ದು ಒಳಗಿನ ನೀರಿನ ದಾರಿಯನ್ನು ಕಣ್ಣಾರೆ ಕಂಡರೆ, ಬದುಕಿರುವುದರ ರೋಗ ಎಲ್ಲಿದೆಯೆಂದು ತಿಳಿಯಬಹುದು. ಶಾಸನಗಳನ್ನು ಓದುವುದರಲ್ಲಿ ಉದ್ಯೋಗದ ಕಾಲವನ್ನೆಲ್ಲ ಕಳೆದ ನನಗೆ ಇದು ಸಹಜವಾದ ಕ್ರಮವೆಂದು ತೋರಿತು. ಸವೆದ ಕಲ್ಲಿನ ಪಾಠವನ್ನು ಅದೇ ಪಾಠದ ಮತ್ತೊಂದು ಪ್ರತಿಯಿಂದಲೇ ತುಂಬಿಕೊಳ್ಳಬೇಕು.

ನನಗೆ ಒಂದು ಸ್ವಂತ ಆಸಕ್ತಿಯೂ ಇತ್ತೆನ್ನುವುದನ್ನು ಮುಚ್ಚಿಡುವುದಿಲ್ಲ. ಈ ಹಿರಿಯ ಎಂಜಿನ್ನು ಯಾವ ವರ್ಷ ಬಂದದ್ದೆಂಬ ವಿಷಯದಲ್ಲಿ ನಮ್ಮ ಮನೆತನದಲ್ಲಿ ಒಮ್ಮತವಿಲ್ಲ. ಅಕ್ಕನ ಪ್ರಕಾರ ಅದು ಹಿರಿಯ ಮಗಳ ತೊಟ್ಟಿಲ ವರ್ಷ. ಕಟ್ಟೆಯ ಹಸಿ ಸಿಮೆಂಟಿನಲ್ಲಿ ನನ್ನ ಮಾವನವರು, ಎಂದರೆ ಅಕ್ಕನ ಗಂಡ, ಬೆರಳಿನಿಂದ ಗೀಚಿದ ಇಸವಿ ಬೇರೆ. ಹೆಡ್ಡಿನ ಬದಿಯಲ್ಲಿ ಎರಕದೊಂದಿಗೇ ಮೂಡಿದ ಅಂಕಿಗಳು ಈ ಎರಡನ್ನೂ ಒಪ್ಪುವುದಿಲ್ಲ. ಆ ಇಸವಿಗಳನ್ನು ನಾನು ಇಲ್ಲಿ ನಮೂದಿಸುತ್ತಿಲ್ಲ. ಬರೆದರೆ ಓದಿದವರು ತನ್ನ ವಯಸ್ಸಿನ ಲೆಕ್ಕ ಹಾಕುತ್ತಾರೆಂದು ಅಕ್ಕ ನಿಷೇಧ ಹೇರಿದ್ದಾಳೆ. ಹೆಡ್ಡಿನೊಳಗೆ ನಾಲ್ಕನೆಯ ಸಾಕ್ಷಿಯೇನಾದರೂ ಸಿಕ್ಕೀತೆಂಬ ಆಸೆ ನನಗಿತ್ತು.

ನಾನೂ ಅಕ್ಕನೂ ಮೊದಲು ಹೋದದ್ದು ಹುಕ್ಕೇರಿಗೆ. ಪ್ರತಿ ಸುಗ್ಗಿಗೂ ಮುಂಚೆ ಎಂಜಿನ್ ಬಿಚ್ಚಿ, ಹೆಡ್ಡಿನ ತೂತುಗಳಲ್ಲಿ ತಂತಿ ಹಾಕಿ ಸ್ವಚ್ಛ ಮಾಡುತ್ತಿದ್ದ ಮೇಸ್ತ್ರಿ ಅಲ್ಲಿಯವನು. ಹೆಡ್ಡು ಕೊಯ್ಯಬೇಕೆಂದಾಗ ಅವನಿಗೆ ಅವಮಾನವಾಯಿತು. “ನಾ ತಂತಿ ಹಾಕಿದ್ರ ಗ್ವಾಡಿಗೆ ಟಣ್ ಅಂತೈತ್ರಿ. ಟಣ್ ಅಂದ್ರ ಸ್ವಚ್ಛ ಐತಿ ಅಂತನ ಅರ್ಥ,” ಎಂದ. ಆದರೂ ಕೊಯ್ಯಲೇಬೇಕೆಂದರೆ ಗ್ಯಾಸಿನ ಉರಿಯಲ್ಲಿ ಕೊಯ್ದುಕೊಡುವುದಾಗಿ ಉದಾರತೆ ತೋರಿಸಿದ. ಉರಿ ತಗುಲಿದರೆ ನೋಡಬೇಕಾದದ್ದೇ ಸುಟ್ಟುಹೋಗುತ್ತದೆಂದು ನಾವು ಚಹಾ ಕುಡಿದು ಹೆಡ್ಡಿನೊಂದಿಗೆ ಹಿಂತಿರುಗಿದೆವು.

ಕಬ್ಬಿಣ ಕೊಯ್ಯುವ ಗರಗಸದ ಯಂತ್ರ ಸಿಕ್ಕಿದ್ದು ಮೂಡಲಗಿಯ ಒಂದು ವರ್ಕ್‌ಶಾಪಿನಲ್ಲಿ. ಅದರ ಮಾಲಕ ದೊಡ್ಡ ದನಿಯ, ದೊಡ್ಡ ಮೀಸೆಯ, ಯಾವ ಪ್ರಶ್ನೆಗೂ ಉತ್ತರವಿಲ್ಲವೆನ್ನದ ಮನುಷ್ಯ. ಹೆಡ್ಡನ್ನು ಮುಟ್ಟುವ ಮೊದಲೇ ತೀರ್ಪು ಕೊಟ್ಟ.

“ಎರಕದ ಉಸುಕ್ರೀ ಸಾಹೇಬ್ರ. ಹೊಯ್ಯೂ ಮುಂದ ಒಳಗ ಉಳದಿರತೈತಿ. ಕೊಯ್ದರ ಸರ್ ಅಂತ ಸುರೀತೈತಿ ನೋಡ್ರಿ.”

ನನ್ನ ಸಿದ್ಧಾಂತ ಬೇರೆ. ಗಾಣದ ಬ್ಯಾರಲ್ಲಿಗೆ ಎಷ್ಟೋ ವರ್ಷ ಧುಪದಾಳದ ಕಡೆಯಿಂದ ಬರುವ ಕಾಲುವೆಯ ನೀರನ್ನೇ ತುಂಬಿದ್ದರು. ಆ ನೀರಿನ ಮಳೆಗಾಲದ ಕೆಂಪನ್ನು ಬಲ್ಲ ನಾನು, ಒಳಗಿರುವುದು ರಾಡಿಯೇ ಎಂದು ಸಪ್ರಮಾಣವಾಗಿ ವಾದಿಸಿದೆ.

“ಉಸುಕಾದ್ರ ನಾ ಗೆದ್ದೆ, ರಾಡಿಯಾದ್ರ ನೀವು,” ಎಂದ ಮಾಲಕ.

“ನನ್ನ ಗಾಣ ಉಳದ್ರ ನಾ ಗೆದ್ದೆ,” ಎಂದಳು ಅಕ್ಕ. “ಲಗೂನ ಕೊಯ್ರಿ.”

ಹಾಗೆಂದವಳೇ ತಡೆದಳು. ಅನ್ನ ಕೊಟ್ಟ ಕಬ್ಬಿಣಕ್ಕೆ ಹೇಳದೆ ಕೇಳದೆ ಗರಗಸ ಹಚ್ಚುವುದು ಹೇಗೆ? ಸೆರಗಿನ ಗಂಟಿನಿಂದ ವಿಭೂತಿಯ ಗಟ್ಟಿಯನ್ನು ತೆಗೆದು, ನೀರು ಚಿಮುಕಿಸಿ, ಹೆಡ್ಡಿಗೆ ಅಡ್ಡಲಾಗಿ ಮೂರು ಗೆರೆ ಎಳೆದು ಕೈ ಮುಗಿದಳು. ಮಾಲಕ ಅಷ್ಟರಲ್ಲಾಗಲೇ ಕೊಯ್ಯಬೇಕಾದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಎಳೆದಿದ್ದ. ಈಗ ಹೆಡ್ಡಿನ ಮೇಲೆ ಒಂದಕ್ಕೊಂದು ಅಂಟಿದ ನಾಲ್ಕು ಬಿಳಿ ಗೆರೆಗಳು.

“ಅವ್ವಾರ, ಇದರಾಗ ಕೊಯ್ಯೂ ಗೆರಿ ಯಾವುದು, ಪೂಜಿ ಗೆರಿ ಯಾವುದ್ರಿ?”

“ಇಷ್ಟ ದೊಡ್ಡ ಮೀಸಿ ಇಟ್ಟೀರಿ, ಅದು ತಿಳಿಯೂದಿಲ್ಲೇನು?”

ಕೊನೆಗೆ ಸುಣ್ಣದ ಗೆರೆಯನ್ನು ಅಳಿಸಿ ಕೆಂಪು ಬಣ್ಣದಲ್ಲಿ ಮತ್ತೆ ಎಳೆಯಲಾಯಿತು. ಅಡ್ಡ ಕೊಯ್ಯಬೇಕೆಂದು ಅವನು, ಉದ್ದಕ್ಕೆಂದು ನಾನು. ನೀರು ಒಳಹೊಗುವ ತೂತು ಮತ್ತು ಹೊರಬರುವ ಬಾಯಿ ಎರಡೂ ಒಂದೇ ಸೀಳಿನಲ್ಲಿ ಕಾಣಬೇಕಾದರೆ ಉದ್ದಕ್ಕೇ ಕೊಯ್ಯಬೇಕೆಂದು ಅವನನ್ನು ಒಪ್ಪಿಸುವಷ್ಟರಲ್ಲಿ ಇನ್ನೊಂದು ಸುತ್ತು ಚಹಾ ಮುಗಿದಿತ್ತು.

ಗರಗಸ ಹಿಂದೆ ಮುಂದೆ ಆಡತೊಡಗಿತು. ಬೀಡುಕಬ್ಬಿಣ ಕೂಗುವುದಿಲ್ಲ, ಗೊಣಗುತ್ತದೆ. ಬೂದು ಪುಡಿ ಮೆಲ್ಲಗೆ ಉದುರುತ್ತಿತ್ತು. ಅಕ್ಕ ಸ್ಟೂಲಿನ ಮೇಲೆ ಕುಳಿತು ಗರಗಸವನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಹೀಗೆ ಬಹಳ ಹೊತ್ತಾದ ಮೇಲೆ ಇದ್ದಕ್ಕಿದ್ದಂತೆ ಮೂಗು ಅರಳಿಸಿ ಎದ್ದು ನಿಂತಳು.

“ಎಲ್ಲೋ ಪಾಕ ತಳಾ ಹಿಡದೈತಿ! ಬಾಜೂಕ ಯಾರ್ದರ ಗಾಣ ಐತೇನ್ರಿ?”

ಬಾಜೂಕ ಇದ್ದದ್ದು ಟಯರಿನ ಅಂಗಡಿ. ವಾಸನೆ ಬರುತ್ತಿದ್ದದ್ದು ಗರಗಸದ ಹಲ್ಲಿನಿಂದ.

ಹೆಡ್ಡು ಎರಡು ಹೋಳಾಗಿ ಮೇಜಿನ ಮೇಲೆ ಬಿದ್ದಾಗ ಮೂವರೂ ಬಗ್ಗಿದೆವು. ಇಷ್ಟು ವರ್ಷ ಹೊರಗಿನಿಂದ ಬರಿಯ ಗಡ್ಡೆಯಂತಿದ್ದ ಈ ಕಬ್ಬಿಣದ ಒಳಗೆ ಒಂದು ಸಣ್ಣ ಗುಹಾಲಯವೇ ಇತ್ತು. ಗಾಳಿ ಒಳಗೆಳೆದುಕೊಳ್ಳುವ ಗಂಟಲು ಒಂದು, ಹೊಗೆ ಹೊರಹಾಕುವ ಗಂಟಲು ಮತ್ತೊಂದು, ಎರಡರಲ್ಲೂ ವಾಲ್ವು ಕೂರುವ ನುಣುಪಾದ ಪೀಠ. ಈ ಗಂಟಲುಗಳ ಸುತ್ತ ಶಾಲು ಹೊದಿಸಿದಂತೆ ನೀರಿನ ಪ್ರಾಕಾರ. ನೀರಿನ ದಾರಿ ಕೆಳಗಿನಿಂದ ನೆಟ್ಟಗೆ ಏರಿ ಒಂದು ಗೋಡೆಯನ್ನು ಮುಟ್ಟುತ್ತದೆ. ಹುಕ್ಕೇರಿಯ ತಂತಿ ಟಣ್ ಎನ್ನುತ್ತಿದ್ದದ್ದು ಈ ಗೋಡೆಗೆ. ಆದರೆ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಎಡಕ್ಕೆ ಹೊರಳಿ, ಹೊಗೆಯ ಗಂಟಲಿನ ಬೆನ್ನ ಹಿಂದೆ ಬೆರಳಗಲದ ಓಣಿಯಾಗಿ ಸುತ್ತಿ, ಆಮೇಲೆ ಮೇಲಿನ ಬಾಯಿಗೆ ಏರುತ್ತದೆ. ಹೆಡ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವ ಜಾಗ ಅದೇ. ಅಲ್ಲಿಗೇ ನೀರು ಮುಟ್ಟಲೆಂದು ರಚಿಸಿದವರು ದಾರಿಯನ್ನು ಸುತ್ತುಬಳಸಿ ತಂದಿದ್ದರು. ಯೋಜನೆ ಬಲು ಚೆಲುವಾಗಿತ್ತು. ಆ ಓಣಿಯೇ ಪೂರ್ತಿ ಮುಚ್ಚಿಹೋಗಿತ್ತು.

ಒಳಗಿದ್ದದ್ದು ಉಸುಕಲ್ಲ, ರಾಡಿಯೂ ಅಲ್ಲ. ಇದ್ದಲಿನಂತೆ ಕಪ್ಪಗೆ ಹೊಳೆಯುವ ಒಂದು ಪದರ, ಅದರ ಮೇಲೆ ಗಡಸು ನೀರಿನ ಸುಣ್ಣದ ಬಿಳಿ ಪದರ, ಮತ್ತೆ ಕಪ್ಪು, ಮತ್ತೆ ಬಿಳಿ. ಮಾಲಕ ಮೊಳೆಯಿಂದ ಒಂದು ಚೂರು ಎಬ್ಬಿಸಿ ಮೂಗಿಗೆ ಹಿಡಿದು ನನ್ನ ಕಡೆ ನೋಡಿದ.

“ಸಾಹೇಬ್ರ, ಇದು ಬೆಲ್ಲ.”

ಎಂಜಿನ್ನಿನ ತಲೆಯೊಳಗೆ ಬೆಲ್ಲ ಬರುವುದು ಹೇಗೆ? ನಾವಿಬ್ಬರೂ ಹೊಸ ಸಿದ್ಧಾಂತಗಳಿಗಾಗಿ ತಡಕಾಡುತ್ತಿದ್ದಾಗ ಅಕ್ಕ ಮೆಲ್ಲನೆ ಬಾಯಿಬಿಟ್ಟಳು.

“ವರ್ಷಾ ಒಂದ ತಂಬಿಗಿ. ಅಷ್ಟ.”

“ಏನು ಒಂದು ತಂಬಿಗೆ?”

“ಹಾಲು. ಕಬ್ಬಿಂದು. ನಮ್ಮತ್ತಿ ಕಾಲದಾಗ ಗಾಣಾ ಎತ್ತು ತಿರಗಸ್ತಿದ್ವು. ಸುಗ್ಗಿ ಮೊದಲನೇ ದಿನ ಮೊದಲನೇ ತಂಬಿಗಿ ಎತ್ತಿಗಿ ಕುಡಿಸಿ ಆಮ್ಯಾಲ ಮಂದಿ ಬಾಯಿಗಿ. ಎತ್ತು ಹೋಗಿ ಇದು ಬಂತು. ಇದರ ಪಾಲು ಇದಕ್ಕ ಕೊಡಬೇಕೋ ಬ್ಯಾಡೋ?”

ಸುಗ್ಗಿಯ ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಎಂಜಿನ್ ನಿಲ್ಲಿಸಿ, ಹೆಡ್ಡಿನ ನೀರು ಇಳಿಸಿ, ಮೇಲಿನ ರಬ್ಬರಿನ ಕೊಳವೆಯನ್ನು ಜಾರಿಸಿ, ಎರಡೂ ಹೆಡ್ಡುಗಳ ಆ ಬಾಯಿಗೆ ಅಕ್ಕ ತನ್ನ ಕೈಯಾರೆ ಹಾಲು ಹೊಯ್ಯುತ್ತಿದ್ದಳು. ಬಿಸಿ ಕಬ್ಬಿಣದ ಮೇಲೆ ಬಿದ್ದ ಹಾಲು ಸರಾಗವಾಗಿ ಇಳಿಯದೆ ಆ ಇಕ್ಕಟ್ಟಿನ ಓಣಿಯಲ್ಲೇ ನಿಂತು, ಪಾಕವಾಗಿ, ಗಟ್ಟಿಯಾಗಿ, ಕರಕಲಾಗಿತ್ತು. ಕೊಪ್ಪರಿಗೆಯಲ್ಲಿ ಎಂದೂ ತಳ ಹಿಡಿಸದ ಅಕ್ಕ, ಇಲ್ಲಿ ಮಾತ್ರ ಪ್ರತಿವರ್ಷ ತಪ್ಪದೆ ಹಿಡಿಸಿದ್ದಳು.

“ಅವ್ವಾರ,” ಎಂದ ಮಾಲಕ, ಉಸುಕಿನ ಸೋಲನ್ನು ಮರೆತು ಮೀಸೆಯಡಿ ನಗುತ್ತ, “ಎತ್ತಿಗಿ ಬಾಯಾಗ ಕುಡಸ್ತಾರ್ರೀ. ನೀವು ನೆತ್ತಿ ಕೊರದು ಕುಡಿಸೀರಿ.”

“ಅದರ ಬಾಯಿ ಎಲ್ಲೈತಿ ಅಂತ ನೀವರ ಹೇಳಿದ್ರೇನು?”

ನನಗಂತೂ ಆ ಪದರಗಳನ್ನು ಕಂಡು ಬೇರೆಯೇ ರೋಮಾಂಚನ. ವರ್ಷಕ್ಕೊಂದು ಕಪ್ಪು ಪದರವೆಂದರೆ, ಎಂಜಿನ್ನು ಸತ್ತ ವರ್ಷದಿಂದ ಹಿಂದಕ್ಕೆ ಎಣಿಸಿದರೆ ಅದು ಬಂದ ವರ್ಷವೇ ಕೈಗೆ ಸಿಕ್ಕಂತೆ! ಕನ್ನಡಕ ಏರಿಸಿ ಎಣಿಸಿದೆ, ತಿರುಗಿ ಎಣಿಸಿದೆ. ಬಂದ ಇಸವಿ ತೊಟ್ಟಿಲಿಗೂ ಹೊಂದಲಿಲ್ಲ, ಸಿಮೆಂಟಿಗೂ ಹೊಂದಲಿಲ್ಲ, ಎರಕದ ಅಂಕಿಗೂ ಹೊಂದಲಿಲ್ಲ.

“ಹೊಂದೂದಿಲ್ಲ ಬಿಡ,” ಎಂದಳು ಅಕ್ಕ. “ಮಗಳ ಲಗ್ನದ ವರ್ಷ ಖುಷಿಲೇ ಎರಡ ತಂಬಿಗಿ ಹಾಕೇನಿ. ನಿಮ್ಮ ಮಾವ ತೀರಿಕೊಂಡ ವರ್ಷ ಹಾಕಿಲ್ಲ. ಒಮ್ಮೆ ನಮ್ಮ ಮೈದುನನ ಹೇಣ್ತಿ ಹಾಕ್ಯಾಳ, ಎಷ್ಟ ಹಾಕಿದಳೋ ಆಕಿನ್ನ ಕೇಳು.”

ಪ್ರಕ್ಷಿಪ್ತ ಭಾಗಗಳೂ ಲುಪ್ತ ಭಾಗಗಳೂ ಇರುವ ಈ ಸಾಕ್ಷಿಯನ್ನು ನಾನು ಅಲ್ಲಿಗೇ ಬಿಟ್ಟೆ.

ಮುಂದಿನ ಕೆಲಸಕ್ಕೆ ಆ ಹೋಳುಗಳೇ ನಕಾಶೆಯಾದವು. ಮಾಲಕ ತೆಳುವಾದ ಒಂದು ಹಳೆಯ ಗರಗಸದ ಪಟ್ಟಿಯನ್ನು ತೆಗೆದುಕೊಂಡು, ಕೊಯ್ದ ಓಣಿಯೊಳಗೇ ಇಟ್ಟು ಅದರ ಹೊರಳಿಗೆ ಸರಿಯಾಗಿ ಬಗ್ಗಿಸಿದ. ಕೊಣ್ಣೂರಿಗೆ ಬಂದು, ಇನ್ನೂ ಬದುಕಿದ್ದ ಎಂಜಿನ್ನಿನ ಹೆಡ್ಡನ್ನು ಇಳಿಸಿ, ಸೋಡಾ ಬೆರೆಸಿದ ಕುದಿನೀರಿನಲ್ಲಿ ನೆನೆಹಾಕಿದ. ಆ ಮೇಲೆ ಪಟ್ಟಿಯನ್ನು ತೂರಿಸಿದ. ಗೋಡೆ ಮುಟ್ಟಿ ಟಣ್ ಎಂದದ್ದೇ ಎಡಕ್ಕೆ ಹೊರಳಿಸಿದ. ಮೊದಲು ಏನೂ ಆಗಲಿಲ್ಲ. ಅವನು ಎಂಜಿನ್ನನ್ನು ಬೈದ, ಎರಕ ಹೊಯ್ದವರನ್ನು ಬೈದ, ನನ್ನತ್ತ ನೋಡಿ ನುಂಗಿಕೊಂಡ. ಹಲವು ಸಲ ನೆನೆಹಾಕಿ ಕೆರೆದ ಮೇಲೆ ಕಪ್ಪು ಚೂರುಗಳು ಬೀಳತೊಡಗಿ, ಕೆಳಗೆ ಹೊಯ್ದ ನೀರು ಮೇಲಿನ ಬಾಯಿಂದ ಕಾಫಿಯ ಬಣ್ಣದಲ್ಲಿ ಇಣುಕಿತು. ಅಕ್ಕ ಅದು ತಿಳಿಯಾಗುವವರೆಗೂ ಕೊಡದ ಮೇಲೆ ಕೊಡ ತಂದು ಹೊಯ್ದಳು.

ಸುಗ್ಗಿಯ ಮೊದಲ ದಿನ ನಾನೂ ಹೋಗಿದ್ದೆ. ಹ್ಯಾಂಡಲ್ಲು ತಿರುಗಿಸಿ ಎಂಜಿನ್ ಎಬ್ಬಿಸಿದವನು ಅಕ್ಕನ ಹಿರಿಯ ಮಗ. ಗಾಣ ಮುಚ್ಚಲಿ ಎಂದು ಎಲ್ಲರಿಗಿಂತ ಹೆಚ್ಚು ಕಾದಿದ್ದವನೂ ಅವನೇ. ಮೊದಲ ಹಾಲು ಇಳಿದಾಗ ಅಕ್ಕ ತಂಬಿಗೆ ತುಂಬಿಕೊಂಡು ಎಂಜಿನ್ನಿನ ಮುಂದೆ ನಿಂತಳು. ನಾನು ಕೈ ಅಡ್ಡ ಹಿಡಿದೆ.

“ಅಕ್ಕಾ, ಬ್ಯಾಡ!”

“ನಾ ಏನ್ ಹುಚ್ಚಿ ಅದೇನೇನು? ಆದ್ರ ಯಾರ್ದೋ ಪಾಲು ಐತಿ ಅನ್ನೂದಂತೂ ಖರೆ.” ಆಕೆ ಅತ್ತಿತ್ತ ನೋಡಿ, ಬೆವರೊರೆಸಿಕೊಳ್ಳುತ್ತಿದ್ದ ಮಗನ ಕೈಗೆ ತಂಬಿಗೆಯನ್ನಿತ್ತಳು. “ತಿರಗಿಸಿದಾಂವ ನೀ. ಕುಡಿ.”

“ಅಂದ್ರ ನಾ ಎತ್ತೇನಬೇ?”

“ಮಾತಿನಾಗಷ್ಟ ಅಲ್ಲಪಾ, ದುಡಿಮ್ಯಾಗ ಇನ್ನ ಮ್ಯಾಲ ಎತ್ತ ಆಗು.”

ಅವನು ಗಟಗಟನೆ ಕುಡಿದು, ತುಟಿ ಒರೆಸಿ ಹೊರಗೆ ಹೋದ.

ಮಧ್ಯಾಹ್ನ ಹತ್ತಿರವಾಯಿತು. ಅಕ್ಕ ಊಟಕ್ಕೆ ಏಳಲಿಲ್ಲ. ಬ್ಯಾರಲ್ಲಿಗೆ ಬೀಳುವ ನೀರಿನ ಧಾರೆಯಡಿ ಕೈಯೊಡ್ಡಿ ನಿಂತಿದ್ದಳು. ನೀರು ಬಿಸಿಯಾಗಿತ್ತು, ಮೈ ತೊಳೆಯುವಷ್ಟು. ಅದಕ್ಕಿಂತ ಹೆಚ್ಚಾಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೂ ಧಾರೆ ಹಾಗೇ ಇತ್ತು, ಉಗಿಯಿರಲಿಲ್ಲ. ಆಗ ಹಿರಿಯ ಮಗ ಬಾಗಿಲಲ್ಲಿ ಕಾಣಿಸಿಕೊಂಡ. ಧಾರೆಯನ್ನು ನೋಡಿದ, ಅವ್ವನ ಕೈಯನ್ನು ನೋಡಿದ, ಕೆಮ್ಮಿದ.

“ನಾಳಿಗಿ ಹಳ್ಳದ ಬಾಜೂಕಿನ ಹೊಲದ ಕಬ್ಬ ಕಡಸ್ಲೇನವಾ?”

“ಅದು ಇನ್ನಾ ಎಳೀದು. ಬಾವಿ ಕಡೀದು ಕಡಸು,” ಎಂದಳು ಅಕ್ಕ, ಧಾರೆಯಿಂದ ಕೈ ತೆಗೆಯದೆ.