ಹಂಚಿನಮನಿಯವರ ಬಿಳಿ ಅಂಗಿ

ನೀರಿನ ಪರೀಕ್ಷೆ ಇದ್ದ ದಿನ ಹಂಚಿನಮನಿ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದರು. ಸೋರಿದರೆ ನೀರು ಮೈಮೇಲೆ ಚಿಮ್ಮುವುದರಿಂದ ನಾವೆಲ್ಲ ಹಳೆಯ ಬಟ್ಟೆ ಹುಡುಕುವ ದಿನವದು. ಎಣ್ಣೆ ಗಿರಣಿಗಳಿಗಾಗಿ ನಮ್ಮ ಹುಬ್ಬಳ್ಳಿ ಕಾರ್ಖಾನೆ ತಯಾರಿಸುತ್ತಿದ್ದ ಉಕ್ಕಿನ ಪಾತ್ರೆಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸುತ್ತಿದ್ದರೆ, ಅವರು ಮುಚ್ಚಳದ ಜೋಡಣೆಗೆ ಕುರ್ಚಿ ತಾಗಿಸಿ ಕೂತು ಚಹಾ ಕುಡಿಯುವರು.

"ಲೆಕ್ಕಾ ನಂದು ಅಂದಮ್ಯಾಲೆ ತೊಯ್ಯೋ ಅಂಗೀನೂ ನಂದ ಇರಬೇಕಲ್ರಿ" ಎನ್ನುವರು.

ಅವರು ನಕ್ಷೆ ವಿಭಾಗದ ಮುಖ್ಯಸ್ಥರು. ಶರೀರವೂ ಹುದ್ದೆಯಷ್ಟೇ ವಿಶಾಲ. ನಾನು ಅರವತ್ತರ ದಶಕದ ಆರಂಭದಲ್ಲಿ ಅವರ ಕೈಕೆಳಗೆ ಸೇರಿದ ಎಂಜಿನಿಯರು. ಕಾಗದದ ಮೇಲೆ ನನಗೆ ಬೇರೆ ಅರ್ಹತೆಗಳಿದ್ದರೂ ನಿಜವಾಗಿ ಕರಗತವಾಗಿದ್ದದ್ದು ಚಿಂತೆ ಮಾಡುವುದೊಂದೇ. ನನ್ನ ಮೊದಲ ಪಾತ್ರೆಯ ಬಾಯಿಗೂ ಮುಚ್ಚಳಕ್ಕೂ ನಡುವೆ ನೀರು ಸೋರದಂತೆ ಕೂರುವ ಗ್ಯಾಸ್ಕೆಟ್ ಬಳೆಯ ಅಗಲವನ್ನು ಲೆಕ್ಕ ಹಾಕಿ, ಆಮೇಲೆ ಮನಸ್ಸಿನ ನೆಮ್ಮದಿಗೆಂದು ದುಪ್ಪಟ್ಟು ಮಾಡಿದೆ.

ಸಾಹೇಬರು ನಕ್ಷೆ ನೋಡಿ ಹೊಟ್ಟೆ ಕುಲುಕುವಂತೆ ನಕ್ಕರು. "ಬಡಿಗೇರ, ಇದೇನ್ರಿ, ಗ್ಯಾಸ್ಕೆಟ್ಟೋ ಹಾಸಿಗಿಯೋ?"

"ಸೋರಬಾರದಂತ ಸರ್. ಅಗಲ ಇದ್ರ ಛಲೋ ಅಲ್ರಿ?"

"ಬೋಲ್ಟಿನ ಬಲ ಇದ್ದಷ್ಟ ಇರತೈತ್ರಿ. ಅಷ್ಟಗಲ ಜಾಗಾಕ್ಕ ಹಂಚಿ ಹೋತಂದ್ರ ಎಲ್ಲೂ ನೆಟ್ಟಗ ಒತ್ತಂಗಿಲ್ಲ. ನೀವು ಹತ್ತು ಕಾಳಜಿ ಒಮ್ಮೆಲೇ ಮಾಡತೀರಲ್ಲ, ಹಂಗ. ತೀರಾ ಸಣ್ಣ ಮಾಡಿದ್ರ ಅಪ್ಪಚ್ಚಿ ಆಗತೈತಿ. ನಿಮ್ಮ ಮೊದಲಿನ ಲೆಕ್ಕಾನ ಖರೇ ಐತಿ, ಅದನ್ನ ಇಡ್ರಿ. ಪರೀಕ್ಷಾ ದಿನ ನೀವೂ ಬಿಳಿ ಅಂಗಿ ಹಾಕ್ಕೊಂಡು ಬರ್ರಿ."

ಪರೀಕ್ಷೆಯ ದಿನವೇ ಸಂಜೆ ಉಣಕಲ್ಲಿನಲ್ಲಿ ನಾನು ಕನ್ಯೆ ನೋಡಲು ಹೋಗಬೇಕಿತ್ತು. ಮರ್ಯಾದಸ್ಥ ಬಿಳಿ ಅಂಗಿ ನನ್ನಲ್ಲಿದ್ದದ್ದು ಒಂದೇ. ಅದನ್ನು ತೊಟ್ಟು ಹೋದೆ, ಜೊತೆಗೆ ಛತ್ರಿ ಹಿಡಿದು. ಕುರ್ಚಿಯಲ್ಲಿ ಕೂತವನೇ ಛತ್ರಿ ಬಿಚ್ಚಿ ಪಾತ್ರೆಗೆ ಅಡ್ಡ ಹಿಡಿದೆ.

ಪಂಪು ಒತ್ತುತ್ತಿದ್ದ ದಸ್ತಗೀರಸಾಬರು ಕೈ ನಿಲ್ಲಿಸಿದರು. "ಸಾಹೇಬ್ರ, ಛತ್ರಿ ಮುಚ್ಚರಿ. ನಗಿ ಬಂದ್ರ ಪಂಪು ಒತ್ತಾಕ ಆಗಂಗಿಲ್ಲ."

"ಮುಚ್ಚರಿ" ಎಂದರು ಪಕ್ಕದಲ್ಲಿದ್ದ ಸಾಹೇಬರೂ. "ಗ್ಯಾಸ್ಕೆಟ್ ಮನಸ್ಸಿಗೆ ಹಚ್ಚಿಕೊಂಡೀತು."

ಮುಚ್ಚಿದೆ. ಅವರು ನನ್ನ ಕೈಗೂ ಒಂದು ಕಪ್ಪು ಚಹಾ ಕೊಟ್ಟರು. ಒತ್ತಡದ ಮುಳ್ಳು ಏರಿತು, ಏರಿದಲ್ಲೇ ನಿಂತಿತು. ಸಾಹೇಬರು ಜೋಡಣೆಯ ಸುತ್ತ ಬೆರಳಾಡಿಸಿ ನನ್ನ ಮುಂದೆ ಹಿಡಿದರು. "ಒಣಾ ಐತಿ ನೋಡ್ರಿ." ಆ ಸಂತೋಷಕ್ಕೆ ಕೈಯಲ್ಲಿದ್ದ ಕಪ್ಪನ್ನು ಮರೆತು ಧಡಕ್ಕನೆ ಎದ್ದೆ; ಅಷ್ಟೂ ಚಹಾ ನನ್ನ ಎದೆಯ ಮೇಲೆ ಸುರಿಯಿತು.

ಸಾಹೇಬರು ತಮ್ಮ ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಸರ್, ನನಗ ಭಾಳ ಅಗಲ ಆಗತೈತ್ರಿ."

"ನಿಮಗ ಅಗಲ ಇದ್ರನ ಸಮಾಧಾನ ಅಲ್ಲೇನ್ರಿ? ಲಗೂ ನಡೀರಿ, ಹುಡುಗಿ ಕಾಯಾಕತ್ತಿರತಾಳ."

ಅವರು ಬನಿಯನ್ನಿನಲ್ಲಿ, ನನ್ನ ಛತ್ರಿ ಬಿಚ್ಚಿ ಹಿಡಿದು, ಸೈಕಲ್ಲೇರಿ ವಿದ್ಯಾನಗರದ ಮನೆಗೆ ಹೋದರು. ಉಣಕಲ್ಲಿನ ಹುಡುಗಿ ನನ್ನನ್ನು ಮದುವೆಯಾದ ಮೇಲೆ ಹೇಳಿದಳು: "ಮೊದಲ ಅಂಗಿ ಬಂತು. ಹಿಂದ ನೀವು ಬಂದ್ರಿ."

ಒಗೆದು ಮಡಿಸಿ ಒಯ್ದ ಅಂಗಿಯನ್ನು ಸಾಹೇಬರು ತೆಗೆದುಕೊಳ್ಳಲಿಲ್ಲ. "ಇಟ್ಕೋರಿ. ಛತ್ರಿ ನನಗ ಹೊಂದಿಕೊಂಡೈತಿ."

ಹೋದ ವರ್ಷ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಬಾಗಿಲ ಹಿಂದಿನ ಮೊಳೆಯಿಂದ ಆ ಛತ್ರಿ ತೆಗೆದು ನನ್ನ ಮುಂದೆ ಹಿಡಿದರು. ನಾನು ಅದನ್ನು ಮತ್ತೆ ಮೊಳೆಗೇ ತೂಗುಹಾಕಿ ಬಂದೆ.

ನಿವೃತ್ತಿಯ ಅಂಚಿನಲ್ಲಿರುವ ನನ್ನ ಲೆಕ್ಕದ ಹೊಸ ಪಾತ್ರೆಗೆ ಇವತ್ತು ಪರೀಕ್ಷೆ. ಬೆಳಿಗ್ಗೆ ಅವರ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತೆ. ನನ್ನ ಹೊಟ್ಟೆ ಇಷ್ಟು ವರ್ಷ ದುಡಿದದ್ದು ಸಾರ್ಥಕ: ಈಗ ಗುಂಡಿಗಳು ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತವೆ.

"ಅಗಲ ಸರಿ ಆತ್ರಿ ಸರ್" ಎಂದೆ ಮೆಲ್ಲಗೆ.

ಅಡಿಗೆಮನೆಯಿಂದ ಹೆಂಡತಿ ಕೂಗಿದಳು: "ಚಹಾ ಮನ್ಯಾಗ ಕುಡದ ಹೋಗ್ರಿ."