ರೇಣುಕಾದೇವಿಯ ಒಂದೇ ಪಟ್ಟು

ವಿಜಾಪುರದಲ್ಲಿ ರೇಣುಕಾದೇವಿಯ ತವರುಮನೆಯ ಹಿಂದೆಯೇ ಗರಡಿಮನೆ ಇತ್ತು. ಹುಡುಗಿಯರು ಅದರ ಹೊಸ್ತಿಲು ತುಳಿಯುವಂತಿರಲಿಲ್ಲ. ತೊಡೆ ತಟ್ಟುವ ಸದ್ದು, ಮಣ್ಣಿಗೆ ಮೈ ಬೀಳುವ ಸದ್ದು ಕೇಳುತ್ತಲೇ ಅವಳು ಬೆಳೆದಳು. ಮುಂದೆ ಮದುವೆಯಾಗಿ, ನಾರ್ತ್ ಕ್ಯಾರೊಲೈನಾದ ಡರ್ಹಮ್‌ಗೆ ಬಂದು, ನಡುವಯಸ್ಸಿಗೆ ಹತ್ತಿರವಾದ ಮೇಲೆ ಅವಳು ಜೂಡೊ ಕ್ಲಾಸಿಗೆ ಸೇರಿದಾಗ ಪರಿಚಯದವರೆಲ್ಲ ನಕ್ಕರು. ಗಂಡ ಗುರುಸಿದ್ದಪ್ಪ ಮಾತ್ರ ನಗಲಿಲ್ಲ.

ಅದು 1994. ಹಿಂದಿನ ವರ್ಷ ಅವಳಿಗೆ ಗರ್ಭಪಾತವಾಗಿತ್ತು. ಆಮೇಲೆ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೋಗಿಬರುವುದು, ಬಂದು ಕಿಟಕಿಯ ಪಕ್ಕ ಸುಮ್ಮನೆ ಕೂರುವುದು, ಇಷ್ಟೇ ಆಗಿತ್ತು ಅವಳ ಬದುಕು. ಅದೇ ಲ್ಯಾಬಿನಲ್ಲಿದ್ದ ಮೈಸೂರಿನ ಮೈಥಿಲಿ ಮೊದಲಿನಿಂದಲೂ ಜೂಡೊ ಆಡುತ್ತಿದ್ದಳು. ಗೆಳತಿಯನ್ನು ಬಲವಂತವಾಗಿ ಕಾರಿನಲ್ಲಿ ಕೂರಿಸಿಕೊಂಡು ಹೋದವಳು ಅವಳೇ.

ಕಲಿಸುವವನು ಕ್ಲೈಡ್ ಎಂಬ ಮುದುಕ, ಹಿಂದೆ ಸೈನ್ಯದಲ್ಲಿದ್ದವನು. ಮೊದಲ ದಿನಗಳಲ್ಲೇ ರೇಣುಕಾದೇವಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ವಾಸಿಯಾದ ಮೇಲೆ ಮತ್ತೆ ಹೋದಳು. ಎದುರಾಳಿಯನ್ನು ಸೊಂಟದ ಮೇಲೆ ಎತ್ತಿ ಎಸೆಯುವ ಒಂದು ಪಟ್ಟು ಅವಳ ಕೈಗೆ ಹತ್ತಿತು. ಮೈಥಿಲಿ ಅವಳಿಗಿಂತ ಎತ್ತರ, ಗಟ್ಟಿ ಆಳು. ಆದರೂ ಅಂಥವಳು ಆ ಪಟ್ಟಿಗೆ ಸಿಕ್ಕಿ ಗಾಳಿಯಲ್ಲಿ ತಿರುಗಿ ಮ್ಯಾಟಿನ ಮೇಲೆ ಬೀಳುವಾಗ ರೇಣುಕಾದೇವಿಗೆ ತನ್ನ ಮೈ ತನಗೆ ವಾಪಸ್ಸು ಸಿಕ್ಕಂತೆ ಆಗುತ್ತಿತ್ತು. ಮನೆಯಲ್ಲಿ ಮತ್ತೆ ಹಾಡು ಗುನುಗತೊಡಗಿದಳು.

"ಬೇರೆಯವರ ಜೊತೆಗೂ ಆಡು. ಗೆಳತಿಯಿಂದ ಕಲಿಯುವುದು ಅರ್ಧ ಮಾತ್ರ," ಎಂದು ಕ್ಲೈಡ್ ಆಗಾಗ ಹೇಳುತ್ತಿದ್ದ. ಅವಳು ತಲೆಯಾಡಿಸಿ ಮತ್ತೆ ಮೈಥಿಲಿಯ ಮುಂದೆಯೇ ಹೋಗಿ ನಿಲ್ಲುತ್ತಿದ್ದಳು.

1996ರ ವಸಂತದಲ್ಲಿ ಅಟ್ಲಾಂಟಾದ ಹತ್ತಿರ ಒಂದು ಟೂರ್ನಮೆಂಟ್ ಇತ್ತು. ರೇಣುಕಾದೇವಿ ಹೆಸರು ಕೊಟ್ಟು ಬಂದಾಗ ಗುರುಸಿದ್ದಪ್ಪನ ಮುಖ ಸಪ್ಪಗಾಯಿತು.

"ಕ್ಲಾಸ್ ಸಾಕಲ್ಲ, ಟೂರ್ನಮೆಂಟ್ ಎದಕ್ಕ ಬೇಕು? ಸುಮ್ನ ರಿಸ್ಕ್ ಯಾಕ ತಗೋತಿ?"

"ನಿಮಗ ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದು ಅವಳು ನಕ್ಕಳು.

ಜೂಡೊದಲ್ಲಿ ಬೆನ್ನು ಪೂರ್ತಿ ನೆಲಕ್ಕೆ ಬಡಿದರೆ ಪಂದ್ಯ ಮುಗಿದಂತೆ. ಅಟ್ಲಾಂಟಾದಲ್ಲಿ ರೇಣುಕಾದೇವಿ ಎದುರಾಳಿಯ ಕಾಲರ್ ಹಿಡಿದು ತನ್ನ ಪಟ್ಟಿಗೆ ತಿರುಗಿದಳು. ಆ ಹೆಂಗಸು ಕದಲಲಿಲ್ಲ. ಮೊಣಕಾಲು ಬಗ್ಗಿಸಿ ಭಾರ ಕೆಳಗಿಳಿಸಿ ಹಿಂದಕ್ಕೆ ಜಗ್ಗಿದಳು, ಅಷ್ಟೆ. ಮರುಗಳಿಗೆ ರೇಣುಕಾದೇವಿ ಚಾವಣಿಯ ದೀಪಗಳನ್ನು ನೋಡುತ್ತ ಮಲಗಿದ್ದಳು. ಎರಡನೆಯ ಪಂದ್ಯವೂ ಹಾಗೇ ಆಯಿತು. ಸೋತದ್ದಕ್ಕಿಂತ ಅವಳನ್ನು ಕಾಡಿದ್ದು ಬೇರೆ. ಎಳೆದರೆ ಎದುರಿನವಳು ಹಿಂದಕ್ಕೆ ಎಳೆಯುತ್ತಾಳೆ ಎಂಬುದು ಕೂಡ ತನಗೆ ಇಲ್ಲಿಯವರೆಗೆ ಏಕೆ ಗೊತ್ತಿರಲಿಲ್ಲ?

ಅದಕ್ಕೆ ಉತ್ತರವು ಪಕ್ಕದ ಮ್ಯಾಟಿನಲ್ಲಿತ್ತು. ಅಲ್ಲಿ ಮೈಥಿಲಿ ಆಡುತ್ತಿದ್ದಳು. ಎದುರಾಳಿ ಸೊಂಟದ ಪಟ್ಟಿಗೆ ತಿರುಗಿದ ಕೂಡಲೇ ಅವಳು ಸರಕ್ಕನೆ ಪಕ್ಕಕ್ಕೆ ಜಾರಿ, ಆಕೆಯನ್ನೇ ನೆಲಕ್ಕೆ ಕೆಡವಿದಳು. ಅದೇ ಪಟ್ಟು. ಡರ್ಹಮ್‌ನಲ್ಲಿ ವಾರವಾರವೂ ಅವಳನ್ನು ಬೀಳಿಸುತ್ತಿದ್ದ ಅದೇ ಪಟ್ಟು.

ವಾಪಸ್ಸು ಬರುವಾಗ ಮೈಥಿಲಿ ಡ್ರೈವ್ ಮಾಡುತ್ತಿದ್ದಳು. ಸೌತ್ ಕ್ಯಾರೊಲೈನಾದ ಗಡಿ ದಾಟಿದ ಮೇಲೆ ರೇಣುಕಾದೇವಿ ಅವಳತ್ತ ತಿರುಗಿದಳು.

"ನೀ ನನ್ನ ಮುಂದ ಬೇಕಂತಲೇ ಬೀಳ್ತಿದ್ದಿ," ಎಂದಳು ರೇಣುಕಾದೇವಿ.

ಮೈಥಿಲಿ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ನಿನ್ ಕೈ ಮುರಿದಾಗ ಗುರುಸಿದ್ದಪ್ಪ ಅವ್ರು ಬಂದು ಕೇಳ್ಕೊಂಡ್ರು ಕಣೆ. ಇನ್ನೊಂದ್ಸಲ ಪೆಟ್ಟಾದ್ರೆ ಅವಳು ಎದ್ದೇಳಲ್ಲ, ಸ್ವಲ್ಪ ನೋಡ್ಕೊಳ್ಳಿ ಅಂದ್ರು. ಸ್ವಲ್ಪ ದಿನ ಅಂತ ಶುರು ಮಾಡ್ದೆ. ನೀನು ಅಷ್ಟು ಹ್ಯಾಪಿಯಾಗಿದ್ದೆ, ನಿಲ್ಸೋಕೆ ಆಗ್ಲಿಲ್ಲ."

"ಅಂದ್ರ ನಾ ಒಮ್ಮೆಯೂ ಗೆದ್ದಿಲ್ಲ?"

ರೇಣುಕಾದೇವಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮನೆಯಲ್ಲಿ ಗುರುಸಿದ್ದಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಗುಟ್ಟು ಬಯಲಾಗಿದೆ ಎಂದು ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ನಿನ್ನ ಒಳ್ಳೇದಕ್ಕ ಮಾಡಿದೆ, ರೇಣುಕಾ. ಎರಡನೇ ಸಲ ನಿನ್ನ ಹಂಗ ನೋಡೂ ಧೈರ್ಯ ನನಗ ಇರಲಿಲ್ಲ."

"ನಿಮಗ ಧೈರ್ಯ ಇರಲಿಲ್ಲಂತ ನನಗ ಸುಳ್ಳು ತಿನ್ನಿಸಿದ್ರಿ," ಎಂದಳು. "ನಾ ಬಿದ್ದಿದ್ರ ಏಳೂದು ಕಲೀತಿದ್ದೆ. ಅದನ್ನೂ ಕಸಕೊಂಡ್ರಿ."

ಮುಂದಿನ ಕ್ಲಾಸಿಗೆ ಅವಳು ಬರಲಾರಳೆಂದೇ ಮೈಥಿಲಿ ಎಣಿಸಿದ್ದಳು. ಅವಳು ಬಂದಳು. ನೇರ ಎದುರಿಗೆ ನಿಂತು, "ಇವತ್ತ ಖರೇ ಆಡು," ಎಂದಳು. ಮೈಥಿಲಿ ನಿಜವಾಗಿ ಆಡಿದಳು. ರೇಣುಕಾದೇವಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಒಂದು ಸಲ ಮೈಥಿಲಿ ಕಣ್ಣು ಒರೆಸಿಕೊಂಡು "ಸಾಕು ಕಣೆ" ಎಂದಾಗ, ರೇಣುಕಾದೇವಿ ಮತ್ತೆ ಅವಳ ಕಾಲರಿಗೆ ಕೈ ಹಾಕಿದಳು. ಅಂದಿನ ಬಳಿಕ ಆ ಕ್ಲಾಸಿಗೆ ಹೋಗಲಿಲ್ಲ. ಲ್ಯಾಬಿನಲ್ಲಿ ಕೆಲಸಕ್ಕೆ ಬೇಕಾದಷ್ಟೇ ಮಾತು ಉಳಿಯಿತು.

ರ‍್ಯಾಲಿ ಎಂಬ ಪಕ್ಕದ ಊರಿನ ಜೂಡೊ ಕ್ಲಬ್ಬೊಂದಕ್ಕೆ ಅವಳು ಸೇರಿದಳು. ಅಲ್ಲಿ ಯಾರೂ ಅವಳ ಕಥೆ ಕೇಳಿರಲಿಲ್ಲ, ಯಾರೂ ಕನಿಕರಿಸಲಿಲ್ಲ. ಕಾಲೇಜು ಹುಡುಗಿಯರು ಅವಳನ್ನು ನಿರ್ದಾಕ್ಷಿಣ್ಯವಾಗಿ ಕೆಡವುತ್ತಿದ್ದರು. ಹಾಗೆ ಬೀಳುತ್ತ ಬೀಳುತ್ತ ಅವಳಿಗೆ ನಿಧಾನವಾಗಿ ಒಂದು ವಿಷಯ ಹೊಳೆಯಿತು. ಎದುರಾಳಿಯ ಬಲ ತಡೆಗೋಡೆಯಲ್ಲ, ಅದೊಂದು ಸುಳಿವು. ತಾನು ಎಳೆದಾಗ ಅವಳು ಹಿಂದಕ್ಕೆ ಜಗ್ಗಿದರೆ, ಬೀಳಬೇಕಾದ ದಿಕ್ಕನ್ನು ಅವಳೇ ತೋರಿಸಿಕೊಟ್ಟಂತೆ. ಆಗ ತನ್ನ ಹಟ ಬಿಟ್ಟು, ಅದೇ ದಿಕ್ಕಿಗೆ ತಳ್ಳಿ ಕಾಲಿಗೆ ಕಾಲು ಕೊಟ್ಟರೆ ಸಾಕು. ಎದುರು ನಿಲ್ಲುವವರಿಲ್ಲದೆ ಇದನ್ನು ಯಾರೂ ಹೇಳಿಕೊಡಲಾರರು.

ಮರುವರ್ಷ ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನ ಪಂದ್ಯದಲ್ಲಿ ಎಡಗೈ ಬಳಕೆಯ ಒಬ್ಬಳು ಎದುರಾದಳು. ಎಲ್ಲ ಹಿಡಿತವೂ ತಿರುವುಮುರುವು. ರೇಣುಕಾದೇವಿ ಸೊಂಟದ ಪಟ್ಟಿಗೆ ತಿರುಗಿದಳು, ಅವಳು ಹಿಂದಕ್ಕೆ ಜಗ್ಗಿದಳು, ಇವಳು ಕೂಡಲೇ ಹಿಂದಕ್ಕೆ ತಿರುಗಿ ಅತ್ತಲೇ ತಳ್ಳಿದಳು. ಆ ಹೆಂಗಸಿನ ಬೆನ್ನು ಮ್ಯಾಟಿಗೆ ಬಡಿದ ಸದ್ದು ಸಭಾಂಗಣಕ್ಕೆಲ್ಲ ಕೇಳಿತು. ರೇಣುಕಾದೇವಿ ಮೊದಲು ಮಾಡಿದ್ದು ಬಗ್ಗಿ ಅವಳ ಮುಖ ನೋಡಿದ್ದು. ಆ ಮುಖದಲ್ಲಿ ಸಿಟ್ಟಿತ್ತು, ಅವಮಾನವಿತ್ತು. ಅದನ್ನು ಕಂಡ ಮೇಲೆಯೇ ಅವಳು ನೆಮ್ಮದಿಯ ಉಸಿರು ಬಿಟ್ಟಳು.

ಮುಂದಿನ ಸುತ್ತಿನಲ್ಲಿ ಸೋತಳು. ಪ್ರೇಕ್ಷಕರ ನಡುವೆ ಕೂತಿದ್ದ ಗುರುಸಿದ್ದಪ್ಪ ಬಂದು, "ಭಾಳ ಚಲೋ ಆಡಿದಿ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಬಹುಶಃ ಆ ಮಾತು ನಿಜವೇ ಇದ್ದಿರಬೇಕು.

ಆದರೆ ಅವಳಿಗೆ ಅದನ್ನು ಹಾಗೆಯೇ ಒಪ್ಪಿಕೊಳ್ಳಲು ಆಗಲಿಲ್ಲ. ಅವನು ಸಾರಿಗೆ ಉಪ್ಪು ಸರಿಯಾಗಿದೆ ಎಂದರೂ, ಸೀರೆ ಒಪ್ಪುತ್ತದೆ ಎಂದರೂ, ಅವಳು ಈಗ ಗಂಡನ ಮುಖವನ್ನೊಮ್ಮೆ ಹುಡುಕಿ ನೋಡುತ್ತಾಳೆ. ಅಂದೂ ನೋಡಿದಳು. ಆಮೇಲೆ ಕಾರಿನ ಕೀಯನ್ನು ಅವನಿಂದ ಕೇಳಿ ಪಡೆದು, ಡರ್ಹಮ್‌ವರೆಗೆ ತಾನೇ ಓಡಿಸಿದಳು.